ಮಾವನ ಹೆಸರಿನ ಕ್ಯಾಮೆರಾ

ಬೆಗಾಯಿಮ್ ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅಗಲವಾದ ಯಾವುದನ್ನೂ ಅಗಲ ಎಂದವಳಲ್ಲ. ಅಗಲವಾದ ರಸ್ತೆ ಅವಳಿಗೆ ‘ಎರಡು ಲಾರಿ ಹಿಡಿಯೋ ರಸ್ತೆ’. ಅಗಲವಾದ ಕೋಣೆ ‘ಕಾಲು ಚಾಚೋ ಕೋಣೆ’. ಅವಳ ಮಾವನ ಹೆಸರು ಕೆನೆನ್, ನಮ್ಮ ಕಿರ್ಗಿಜ್ ಮಾತಿನಲ್ಲಿ ಕೆನೆನ್ ಎಂದರೆ ಅಗಲ. ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಹೇಳಬಾರದು, ಆ ಹೆಸರಿನಂತೆ ಕೇಳಿಸುವ ಮಾತನ್ನೂ ಆಡಬಾರದು. ರಾಜಧಾನಿಯ ಹುಡುಗಿಯರು ಇದನ್ನೆಲ್ಲ ಎಂದೋ ಗಾಳಿಗೆ ತೂರಿದ್ದಾರೆ. ಕೊಚ್ಕೋರಿನಲ್ಲಿ ನಾವು ಇನ್ನೂ ತೂರಿಲ್ಲ. ನಾನೂ ಒಂದು ಮನೆಯ ಸೊಸೆಯೇ. ಈ ಕಥೆಯಲ್ಲಿ ನನ್ನ ಅತ್ತೆ ಬರುತ್ತಾರೆ, ಅವರ ಹೆಸರನ್ನು ಮಾತ್ರ ನನ್ನ ಬಾಯಿಂದ ಕೇಳಬೇಡಿ.

ಕೆನೆನ್ ನಮ್ಮ ಊರಿನ ಫೋಟೋಗ್ರಾಫರ್. ಯಾರ ಮನೆಗೆ ಹೋದರೂ ಗೋಡೆಯ ಮೇಲಿರುವುದು ಅವರು ತೆಗೆದ ಫೋಟೋಗಳೇ, ನನ್ನ ಮದುವೆಯದ್ದೂ ಅವರದೇ. ಬಜಾರಿನ ತುದಿಯಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ. ಕ್ಯಾಮೆರಾ ಮುಂದೆ ಸೆಟೆದು ನಿಂತವರಿಗೆ, “ಉಸಿರು ಬಿಡಿ ಮಾರಾಯ್ರೇ, ನಿಮ್ಮ ಉಸಿರನ್ನ ನಾನೇನೂ ಇಟ್ಕೊಳ್ಳಲ್ಲ” ಎನ್ನುವರು. ನಿಂತವರು ನಕ್ಕ ಗಳಿಗೆಗೆ ಸರಿಯಾಗಿ ಫೋಟೋ ಆಗಿರುತ್ತಿತ್ತು. ಮಗ ಎರ್ಮೆಕ್ ಈ ಕೆಲಸಕ್ಕೆ ಕೈ ಹಾಕಲಿಲ್ಲ, ಬಿಷ್ಕೆಕ್‌ಗೆ ವ್ಯಾನು ಓಡಿಸುತ್ತಾನೆ. ಕಲಿತವಳು ಸೊಸೆ. ಮೊದಲು ದೀಪ ಹಿಡಿದಳು, ಆಮೇಲೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದಲು ಕಲಿತಳು, ಆಮೇಲೆ ಒಂದು ಸಣ್ಣ ಕ್ಯಾಮೆರಾ ಹಿಡಿದು ಮಾವನ ಹಿಂದೆ ನಿಂತು ತಾನೂ ತೆಗೆಯತೊಡಗಿದಳು. ಇದೆಲ್ಲ ಹಸು ಕರೆದು, ಹಿಟ್ಟು ನಾದಿ, ಒಲೆಗೆ ಕಲ್ಲಿದ್ದಲು ಹಾಕಿದ ಮೇಲೆ.

ಬೇಸಿಗೆ ಮುಗಿಯುವ ಹೊತ್ತಿಗೆ ಊರ ಹೊರಗಿನ ಬಯಲಿನಲ್ಲಿ ಕುದುರೆ ಆಟ ನಡೆಯಿತು. ಸವಾರರು ಹೋತದ ಮುಂಡಕ್ಕಾಗಿ ಎಳೆದಾಡುವ ಆಟ, ಅದರ ದೂಳು, ಕೂಗು ನಿಮಗೆ ಹೇಳಿ ಪ್ರಯೋಜನವಿಲ್ಲ. ಕೆನೆನ್ ಗೆರೆಯ ಹತ್ತಿರ ನಿಂತು ಫೋಟೋ ತೆಗೆಯುತ್ತಿದ್ದರು. ಒಂದು ಕಂದು ಕುದುರೆ ಗುಂಪು ಒಡೆದು ಬಂತು. ಬೆಗಾಯಿಮ್ ತೋಳು ಹಿಡಿದು ಎಳೆದದ್ದರಿಂದ ಮುದುಕರು ಉಳಿದರು. ಕ್ಯಾಮೆರಾ ಗೊರಸಿನಡಿಗೆ ಹೋಯಿತು.

ಕುದುರೆಗೆ ಹುಚ್ಚು ಹಿಡಿದಿತ್ತು ಎಂದು ಊರೆಲ್ಲ ಹೇಳಿತು. ನಿಜ ಏನೆಂದು ಬೆಗಾಯಿಮ್‌ಗೆ ಗೊತ್ತಿತ್ತು. ಕುದುರೆ ನೆಟ್ಟಗೆ ಅವರ ಎದುರಿಗೇ ಬರುತ್ತಿತ್ತು, ಅವರು ಅದರತ್ತಲೇ ನೋಡುತ್ತಿದ್ದರು, ಆದರೂ ಅದು ಅವರಿಗೆ ಕಾಣಲಿಲ್ಲ. ಇದು ನಮಗೆಲ್ಲ ತಿಳಿದದ್ದು ಬಹಳ ಆಮೇಲೆ. ಆದರೆ ಕೇಳುವವರನ್ನು ಕತ್ತಲಲ್ಲಿಟ್ಟು ಆಟ ಆಡಿಸುವುದು ನನ್ನಿಂದಾಗದು, ಈಗಲೇ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಮಾವ ತೆಗೆದ ಫೋಟೋಗಳಲ್ಲಿ ಮುಖಗಳು ಮಂಜಾಗುತ್ತಿದ್ದವು. ಕಿವಿ ಸ್ಪಷ್ಟ, ಹಿಂದಿನ ಗೋಡೆ ಸ್ಪಷ್ಟ, ಮುಖ ಮಾತ್ರ ಇಲ್ಲ. ಸೊಸೆ ಕಂಪ್ಯೂಟರಿನ ಮುಂದೆ ಕೂತು ಕೆಟ್ಟವನ್ನು ಅಳಿಸುವಳು, ಆ ಜಾಗಕ್ಕೆ ತನ್ನ ಸಣ್ಣ ಕ್ಯಾಮೆರಾದಲ್ಲಿ ತೆಗೆದವನ್ನು ಸೇರಿಸುವಳು. “ಕೆನೆನ್ ಕೈ ಇನ್ನೂ ಹಾಗೇ ಇದೆ” ಎಂದು ಮದುವೆ ಮನೆಯವರು ಹೊಗಳಿದಾಗ ಚಹಾ ಬಗ್ಗಿಸುತ್ತ ಸುಮ್ಮನಿರುವಳು. ಆ ಮನುಷ್ಯನಿಗೆ ನಾಚಿಕೆಯಾಗದಂತೆ ಅವರ ಕೆಲಸ ಉಳಿಸಬೇಕು, ಅವಳಿಗಿದ್ದುದು ಅದೊಂದೇ ಯೋಚನೆ.

ಹೊಸ ಕ್ಯಾಮೆರಾಕ್ಕೆ ಹಣ ಬರಬೇಕಾದದ್ದು ಮನೆಯ ಹೆಣ್ಣುಕುದುರೆಯಿಂದ. ಶನಿವಾರದ ದನದ ಸಂತೆಗೆ ಅದನ್ನು ಹೊಡೆದುಕೊಂಡು ಹೋಗುವ ಮುಂಚಿನ ಊಟದಲ್ಲಿ ಕೆನೆನ್‌ರ ಹೆಂಡತಿ ಉಲ್ಕಾನ್ ತಟ್ಟೆ ಮುಟ್ಟಲಿಲ್ಲ. ಮಧ್ಯದ ಗೋಡೆ ಗಿಡ್ಡ, ನಮ್ಮ ಅಂಗಳಕ್ಕೆ ಎಲ್ಲ ಕೇಳಿಸುತ್ತದೆ.

“ಹಾಲು ಕೊಡೋ ಪ್ರಾಣಿ ಮಾರಿ ಕಣ್ಣು ಮಿಟುಕಿಸೋ ಪೆಟ್ಟಿಗೆ ತರ್ತಾರಂತೆ. ಬರೋ ಬೇಸಿಗೆಗೆ ಕುದುರೆ ಹಾಲಿನ ಕುಮಿಸ್ ಎಲ್ಲಿಂದ ಕುಡೀತೀಯೋ ಮುದುಕಾ? ಆ ಪೆಟ್ಟಿಗೆ ಕರೀತೀಯಾ?”

“ಆ ಪೆಟ್ಟಿಗೆ ಕರೆದೇ ಕಣೇ ಮುದುಕಿ ನಿನ್ನ ಮನೆಗೆ ತಗಡು ಹಾಕಿಸಿದ್ದು.”

“ಫೋನಲ್ಲೇ ಎಲ್ಲರೂ ಫೋಟೋ ತಕ್ಕೊಳ್ತಾರೆ ಈಗ.”

“ತಕ್ಕೊಳ್ಳಲಿ. ಸತ್ತಾಗ ನನ್ನ ಹತ್ರಾನೇ ಬರ್ತಾರೆ, ಗೋರಿ ಕಲ್ಲಿನ ಮೇಲೆ ಕೆತ್ತೋಕೆ ಒಳ್ಳೇದೊಂದು ಕೊಡಿ ಅಂತ.”

“ಅಪಾ, ತಿನ್ನಿ, ಆರಿಹೋಗ್ತದೆ” ಎಂದಳು ಬೆಗಾಯಿಮ್. ಸೊಸೆಯ ಬಾಯಲ್ಲಿ ಅತ್ತೆ ಅಪಾ, ಮಾವ ಅತಾ.

“ನೀನೂ ಅವರ ಕಡೇನೇ! ಹಿಟ್ಟು ಹುಳಿ ಬಂದು ಪಾತ್ರೆಯಿಂದ ಇಳೀತಾ ಇದ್ರೂ ಕಂಪ್ಯೂಟರ್ ಬಿಟ್ಟು ಏಳಲ್ಲ.”

ಕುದುರೆ ಹೋಯಿತು. ಅದರ ಮರಿ ಅಂಗಳದಲ್ಲಿ ಕೆಲವು ದಿನ ಕೆನೆಯುತ್ತ ತಿರುಗಿತು. ಉಲ್ಕಾನ್ ಅದಕ್ಕೆ ಕೈಯಾರೆ ರೊಟ್ಟಿ ತಿನ್ನಿಸುತ್ತ, ಗಂಡನಿಗೆ ಕೇಳಿಸುವಂತೆಯೇ ಅದರೊಂದಿಗೆ ದುಃಖ ತೋಡಿಕೊಳ್ಳುತ್ತಿದ್ದರು.

ಬಿಷ್ಕೆಕ್‌ನಲ್ಲಿ ಕ್ಯಾಮೆರಾ ಮಾರುವವನೊಬ್ಬನ ಸಾಮಾನನ್ನು ಎರ್ಮೆಕ್ ತನ್ನ ವ್ಯಾನಿನಲ್ಲಿ ಸಾಗಿಸುತ್ತಿದ್ದ. ಆ ಸಲಿಗೆಯಿಂದ ಎರಡು ಕ್ಯಾಮೆರಾಗಳನ್ನು ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದು, ಮನೆಯಲ್ಲಿ ಇಳಿಸಿ, ತಾನು ಮತ್ತೆ ಬಾಡಿಗೆಗೆ ಹೊರಟುಹೋದ. ಎರಡೂ ಒಳಗೆ ಕನ್ನಡಿ ಇರುವಂಥವು, ಕನ್ನಡಿ ಇಲ್ಲದ ಹೊಸ ಬಗೆಯವನ್ನು ಕೆನೆನ್ ಮುಟ್ಟುತ್ತಿರಲಿಲ್ಲ. ಎರಡೂ ಫುಲ್ ಫ್ರೇಮ್, ಬೆಳಕು ಹಿಡಿಯುವ ಜಾಗ ಹಳೇ ಫಿಲ್ಮ್‌ನಷ್ಟೇ ದೊಡ್ಡದು. ಒಂದು ನಿಕಾನ್. ಇನ್ನೊಂದು ಕ್ಯಾನನ್. ನಮ್ಮ ಊರಿನ ಬಾಯಲ್ಲಿ ಅದು ಕೆನೆನ್ ಎಂದೇ ಹೊರಡುತ್ತದೆ.

ಅಂಗಳದ ಮಂಚದ ಮೇಲೆ ಎರಡನ್ನೂ ಇಟ್ಟುಕೊಂಡು ಮಾವ ಸೊಸೆ ಇಡೀ ದಿನ ಕೂತರು. ನಾನು ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಹೋದವಳು ಅಲ್ಲೇ ಉಳಿದೆ. ಉಲ್ಕಾನ್‌ರ ಮುಖ, ಕಟ್ಟಿಹಾಕಿದ ಟಗರು, ತಟ್ಟೆಯಲ್ಲಿನ ಕರಿದ ಬೂರ್ಸೋಕ್, ಚಿಮಣಿಯ ಹೊಗೆ, ಎಲ್ಲವನ್ನೂ ಒಂದರಲ್ಲಿ ಒಮ್ಮೆ, ಇನ್ನೊಂದರಲ್ಲಿ ಒಮ್ಮೆ ತೆಗೆದರು. ಕೆನೆನ್ ಪೆಟ್ಟಿಗೆಯ ತಳದಿಂದ ತಮ್ಮ ಯೌವನದ ಕಾಲದ ಲೆನ್ಸ್ ತೆಗೆದು ನಿಕಾನ್‌ಗೆ ಸಿಕ್ಕಿಸಿದರು. ಟಕ್ ಎಂದು ಕೂತಿತು.

“ನೋಡಿದ್ಯಾ! ನನ್ನ ಮದುವೆಗಿಂತ ಹಳೇದು, ಹೇಗೆ ಕೂತ್ಕೊಳ್ತು! ಇದೊಂದಕ್ಕೇ ಕೊಡಬೇಕು ದುಡ್ಡು. ನೆರಳಲ್ಲಿ ಟಗರಿನ ಉಣ್ಣೆ ನೋಡು, ಒಂದೊಂದು ಎಳೆ ಬಂದಿದೆ.”

“ಹೌದು ಅತಾ, ನೆರಳು ಇದ್ರಲ್ಲೇ ಚೆನ್ನಾಗಿದೆ. ಆದ್ರೆ ಇದನ್ನ ನೋಡಿ” ಎಂದು ಬೆಗಾಯಿಮ್ ಇನ್ನೊಂದನ್ನು ಎತ್ತಿಕೊಂಡಳು.

“ಯಾವುದನ್ನ?” ಕೆನೆನ್‌ರ ಮೀಸೆ ಕುಣಿಯಿತು. “ಅದಕ್ಕೂ ಒಂದು ಹೆಸರಿದೆಯಲ್ಲ ಮಗಳೇ. ಹೇಳು ನೋಡೋಣ.”

“ಇದು.”

“ಏ ಮುದುಕಾ, ಹುಡುಗೀನ ಪಾಪಕ್ಕೆ ನೂಕಬೇಡ” ಎಂದು ಉಲ್ಕಾನ್ ಒಳಗಿನಿಂದ ಕೂಗಿದರು. ಎಲ್ಲರೂ ನಕ್ಕೆವು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದನ್ನು ಆಮೇಲೆ ನಾನು ಬಹಳ ದಿನ ಕೇಳಲಿಲ್ಲ.

ಕ್ಯಾನನ್‌ನ ಹಿಂದಿನ ಪರದೆ ಬಾಗಿಲಿನಂತೆ ತೆರೆದು ಹೊರಳುತ್ತಿತ್ತು. ಬೆಗಾಯಿಮ್ ಅದನ್ನು ಮಾವನತ್ತ ತಿರುಗಿಸಿ, ನನ್ನ ಮುಖದ ಮೇಲೆ ಬೆರಳಿಟ್ಟಳು. ಕ್ಯಾಮೆರಾ ನನ್ನ ಮುಖವನ್ನು ತಾನಾಗಿಯೇ ಹಿಡಿದುಕೊಂಡಿತು. ನಾನು ಪಕ್ಕಕ್ಕೆ ಸರಿದರೂ ಬಿಡಲಿಲ್ಲ.

“ಬೆರಳು ಮುಟ್ಟಿಸಿದ್ರೆ ಸಾಕು ಅತಾ. ಆ ಸಣ್ಣ ತೂತಲ್ಲಿ ಕಣ್ಣಿಡೋದೇ ಬೇಡ. ಮುಖ ಎಲ್ಲಿದೆ ಅಂತ ಅದೇ ಹುಡುಕ್ತದೆ.”

ಕೆನೆನ್‌ರ ನಗು ಇಳಿಯಿತು. “ಮುಖ ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ?”

“ಹಾಗಲ್ಲ ಅತಾ.”

“ಮತ್ತೆ ಹೇಗೆ? ಕಿಟಕಿ ಇರೋವಾಗ ಟಿವಿ ನೋಡ್ಕೊಂಡು ಫೋಟೋ ತೆಗೀಬೇಕಾ? ಇದು ಕೆಲಸ ಬರದವರಿಗೆ ಮಾಡಿರೋದು. ನಿನಗೆ ಬೇಕಾದ್ರೆ ನಿನಗೆ ಬೇಕು ಅನ್ನು. ನನಗೆ ಅಂತ ಅನ್ನಬೇಡ.”

ಅವಳು ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸ್ಟುಡಿಯೋ ತನ್ನ ಕೈಗೆ ಬರಲಿ ಎಂದು ಸೊಸೆ ಕಾಯುತ್ತಿದ್ದಾಳೆಂದು ಉಲ್ಕಾನ್‌ಗೆ ಆ ದಿನವೇ ಅನುಮಾನ ಹುಟ್ಟಿರಬೇಕು. ನನಗೂ ಸ್ವಲ್ಪ ಹಾಗೇ ಅನ್ನಿಸಿತು. ಸಂಜೆ ಗೋಡೆಯ ಹತ್ತಿರ ಕೇಳಿಯೂ ಬಿಟ್ಟೆ.

“ನಿನಗೆ ಯಾವುದು ಇಷ್ಟ, ಬೆಗಾಯಿಮ್?”

“ಅತಾನದ್ದು, ಅಕ್ಕಾ.”

“ಮಾವ ಒಪ್ಪಿದ್ದಾ?”

“ಅಲ್ಲ, ಅತಾನ... ಅವರದ್ದೇ... ಹೆಸರಿಂದು” ಎಂದು ತಡವರಿಸಿ ನಾಚಿಕೊಂಡಳು. ನನಗೆ ಅರ್ಥವಾಗಿ ನಗು ಬಂತು. ಆ ಕ್ಯಾಮೆರಾಕ್ಕೆ ಅವಳ ಬಾಯಲ್ಲಿ ಇದ್ದುದು ಅದೊಂದೇ ಹೆಸರು. ನನ್ನ ಗಂಡನ ತಂದೆಯ ಹೆಸರೂ ಅಂಥದ್ದೇ, ಕುಲುಮೆಯಲ್ಲಿ ಕಾಯಿಸಿ ಬಡಿಯುವ ಲೋಹದ್ದು. ಇಷ್ಟು ವರ್ಷವಾದರೂ ನಾನು ಅದನ್ನು ‘ಗಟ್ಟಿ ಸಾಮಾನು’ ಎಂದು ಕರೆಯುವವಳು, ನನಗೆ ಹೇಗೆ ಅರ್ಥವಾಗದು?

ಕ್ಯಾಮೆರಾಗಳು ವಾಪಸು ಹೋದವು. ಮನೆಯಲ್ಲಿ ಮಾತು ಕಡಿಮೆಯಾಯಿತು. ಊಟಕ್ಕೆ ಕೂತರೆ ಕೆನೆನ್ ನಿಕಾನ್ ಎನ್ನುವರು, ಎರ್ಮೆಕ್ ಯಾವುದೋ ಒಂದು ಬೇಗ ಹೇಳಿ ಎನ್ನುವನು, ಉಲ್ಕಾನ್ ಕುದುರೆ ಎನ್ನುವರು. ಆದರೆ ಕೆನೆನ್ ಕೆಟ್ಟ ಮನುಷ್ಯರಲ್ಲ. ಸೊಸೆಗೆ ಗದರಿದ್ದು ಅವರನ್ನು ಒಳಗೆ ಕಚ್ಚುತ್ತಿತ್ತು. ಎರ್ಮೆಕ್ ಹಣ ತೆಗೆದುಕೊಂಡು ಹೊರಟ ಬೆಳಿಗ್ಗೆ ವ್ಯಾನಿನ ಬಾಗಿಲು ಹಿಡಿದು ನಿಂತು ಹೇಳಿದರು:

“ಅಂಗಡಿಗೆ ಹೋದ ಮೇಲೆ ನಿನ್ನ ಹೆಂಡ್ತಿಗೆ ಫೋನ್ ಮಾಡು. ಅವಳು ಏನಂತಾಳೋ ಅದನ್ನೇ ತಾ. ಅವಳೂ ದುಡೀತಾಳೆ.”

ಫೋನು ಬಂದಾಗ ಬೆಗಾಯಿಮ್ ಮಾವನಿಗೆ ಚಹಾ ಬಗ್ಗಿಸುತ್ತಿದ್ದಳು.

“ಎರಡೂ ನನ್ನ ಮುಂದಿವೆ. ಯಾವುದು ಹೇಳು ಬೇಗ, ಪ್ಯಾಸೆಂಜರ್ ಕಾಯ್ತಾ ಇದಾರೆ.”

ಕೆನೆನ್ ಕಿಟಕಿಯ ಕಡೆಗೆ ಮುಖ ತಿರುಗಿಸಿದರು, ನಾನೇನೂ ಕೇಳಿಸಿಕೊಳ್ಳುತ್ತಿಲ್ಲ ಎನ್ನುವಂತೆ. ಮಾವನ ಎದುರಿಗೇ ಮಾವನ ಹೆಸರು ಹೇಗೆ ಹೇಳುವುದು? ಬಾಯಿಗೆ ರೂಢಿಯಾದದ್ದೇ ಬಂತು.

“ಅತಾನದ್ದೇ ತಗೊಳ್ಳಿ.”

“ಸರಿ” ಎಂದು ಅವನು ಫೋನು ಇಟ್ಟ.

ಕೆನೆನ್ ತಿರುಗಿದರು. ಅವರ ಮುಖದಲ್ಲಿ ಮದುವೆ ಗಂಡಿನ ಕಳೆ. “ನನಗೆ ಗೊತ್ತಿತ್ತು ಮಗಳೇ, ನನ್ನ ಮಾತು ಉಳಿಸ್ತೀಯ ಅಂತ. ಗೊತ್ತಿತ್ತು” ಎಂದು ಬಟ್ಟಲು ಹಿಡಿದ ಕೈಯನ್ನೇ ಎತ್ತಿ ಆಶೀರ್ವಾದ ಮಾಡಿದರು. ಚಹಾ ಚೆಲ್ಲಿತು.

ಅವಳು ಫೋನು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಗೋಡೆಯ ಹತ್ತಿರ ನಿಂತಳು. ನಾನು ಬಟ್ಟೆ ಒಣಹಾಕುತ್ತಿದ್ದೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

“ಮಾಡೇ ಇನ್ನೊಂದು ಸಲ ಫೋನು. ಇಲ್ಲಿ ಯಾರೂ ಕೇಳಲ್ಲ. ‘ಹೆಸರಿಂದು’ ಅನ್ನು ಸಾಕು.”

ಅವಳು ನಂಬರು ಒತ್ತಲು ಹೋದಳು. ಒಳಗಿನಿಂದ ಕೆನೆನ್ ಹಾಡು ಗುನುಗುವುದು ಕೇಳಿಸಿತು. ಫೋನು ಜೇಬಿಗೆ ಹಾಕಿಕೊಂಡಳು.

“ಅವರು ಹಾಡಿ ಎಷ್ಟು ದಿನ ಆಯ್ತು ಗೊತ್ತಾ ಅಕ್ಕಾ? ಹೋಗ್ಲಿ ಬಿಡಿ. ನಾನು ಪಕ್ಕದಲ್ಲೇ ಇರ್ತೀನಲ್ಲ.”

ನಿಕಾನ್ ಬಂತು. ನಮ್ಮಲ್ಲಿ ಹೊಸದೇನನ್ನಾದರೂ ಮೊದಲ ಸಲ ನೋಡಿದವರು, ಅದು ಸೊಸೆಯಾಗಲಿ ಕರುವಾಗಲಿ, ನೋಡಿದ್ದಕ್ಕೆ ಏನಾದರೂ ಕೈಯಲ್ಲಿಡಬೇಕು. ಬೀದಿಯವರೆಲ್ಲ ಬಂದೆವು. ನಾನೊಂದು ಟವೆಲು, ಒಂದಿಷ್ಟು ಮಿಠಾಯಿ ಕೊಟ್ಟೆ. “ಕುದುರೆ ಹೋಗಿದ್ದಕ್ಕೆ ಇಷ್ಟಾದ್ರೂ ಬರ್ಲಿ” ಎಂದು ಉಲ್ಕಾನ್ ಕಾಣಿಕೆಯನ್ನೆಲ್ಲ ಮಡಿಲಿಗೆ ತುಂಬಿಕೊಂಡರು, ಮೊದಲ ಬಾರಿಗೆ ಸ್ವಲ್ಪ ನಕ್ಕರು ಕೂಡ.

ಮೊದಲ ದೊಡ್ಡ ಕೆಲಸ ನಮ್ಮ ಮನೆಯದೇ. ನನ್ನ ಅತ್ತೆಗೆ ತೊಂಬತ್ತು ತುಂಬಿತ್ತು. ಮಾಸ್ಕೋದಲ್ಲಿ ದುಡಿಯುವ ಮೊಮ್ಮಕ್ಕಳೆಲ್ಲ ಬಂದಿದ್ದರು. ಅವರು ಫೋನು ಎತ್ತಿದರೆ ಸಾಕು, ಅತ್ತೆ ತೋಳಿನಿಂದ ಮುಖ ಮುಚ್ಚಿಕೊಳ್ಳುವರು. “ಆ ತಟ್ಟೆಗೆಲ್ಲ ನನ್ನ ಮುಖ ಕೊಡಲ್ಲ. ಕೆನೆನ್‌ಗೆ ಕೊಡ್ತೀನಿ.” ಅತ್ತೆ ಅವರಿಗಿಂತ ಹಿರಿಯರು, ಹೆಸರು ಹಿಡಿದು ಕರೆಯಬಹುದಿತ್ತು.

ಕೆನೆನ್ ಕೋಟು ಹಾಕಿಕೊಂಡು ಬಂದರು, ಒಬ್ಬರೇ. ಬೆಗಾಯಿಮ್ ಸಣ್ಣ ಕ್ಯಾಮೆರಾ ಹಿಡಿದು ಹೊರಟದ್ದನ್ನು ಅವರೇ ತಡೆದಿದ್ದರು. “ಇವತ್ತು ಬೇಡ ಮಗಳೇ. ಹೊಸ ಕ್ಯಾಮೆರಾ, ಹಳೇ ಸ್ನೇಹದ ಮನೆ. ನಾನೊಬ್ಬನೇ ಮಾಡ್ತೀನಿ.” ಅವಳು ಒಂದಲ್ಲ ಎರಡು ಸಲ ಕೇಳಿಕೊಂಡಳಂತೆ. ಉಲ್ಕಾನ್ ಗದರಿದರಂತೆ: “ಮುದುಕ ಬೇಡ ಅಂದ್ರಲ್ಲ, ಅವರ ಬೆನ್ನು ಬಿಡೇ. ಕಲ್ಲಿದ್ದಲು ಬಂದಿದೆ, ಒಳಗೆ ಸೇರಿಸು.”

ಅತ್ತೆ ಬಿಳಿ ರುಮಾಲು ಸುತ್ತಿ, ತಾವು ಹುಡುಗಿಯಾಗಿದ್ದಾಗ ಹೊಲಿದ ಕಂಬಳಿಯ ಮುಂದೆ ಕೂತರು. ಕೆನೆನ್ ತಮ್ಮ ಹಳೇ ಲೆನ್ಸನ್ನೇ ಹಾಕಿದ್ದರು, ಕೈಯಿಂದ ತಿರುಗಿಸಿ ಮುಖ ಸ್ಪಷ್ಟ ಮಾಡಿಕೊಳ್ಳಬೇಕಾದ ಲೆನ್ಸ್. ಬಹಳ ಹೊತ್ತು ತಿರುಗಿಸಿದರು. “ಉಸಿರು ಬಿಡಿ ಅಜ್ಜೀ.” ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆ ನಗುವನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ.

ಮೊಮ್ಮಕ್ಕಳು ಹೋದ ವಾರ ಅತ್ತೆ ಮಲಗಿದವರು ಏಳಲಿಲ್ಲ. ಅವರ ಸಾವಿಗೆ ಅಳುವಷ್ಟು ಅತ್ತು, ಬಂದವರಿಗೆ ಬಡಿಸುವಷ್ಟು ಬಡಿಸಿ, ಮನೆ ಖಾಲಿಯಾದ ಮೇಲೆ ನನ್ನ ಗಂಡ ಇಸಾಕ್ ಹೇಳಿದ: “ನಲವತ್ತನೇ ದಿನಕ್ಕೆ ಅಮ್ಮನ ಫೋಟೋ ಬೇಕು. ದೊಡ್ಡದು.” ಫೋಟೋಗಳನ್ನು ಬೆಗಾಯಿಮ್ ಇನ್ನೂ ಕೊಟ್ಟಿರಲಿಲ್ಲ. ತಿದ್ದುತ್ತಾ ಇದೀನಿ ಅಕ್ಕಾ, ಇನ್ನೆರಡು ದಿನ ಅಕ್ಕಾ, ಎಂದು ಗೋಡೆಯ ಆಚೆ ತಲೆ ತಗ್ಗಿಸಿಯೇ ಓಡಾಡುತ್ತಿದ್ದಳು. ಇಬ್ಬರೂ ಹೊಸ ರೊಟ್ಟಿ ಹಿಡಿದುಕೊಂಡು ಅವರ ಮನೆಗೆ ಹೋದೆವು.

ಎರ್ಮೆಕ್ ಮನೆಯಲ್ಲೇ ಇದ್ದ. ರೊಟ್ಟಿ ಮುರಿದು, ಸತ್ತವರಿಗಾಗಿ ಕೈ ಎತ್ತಿ ಪ್ರಾರ್ಥಿಸಿ ಆದ ಮೇಲೆ ಕೆನೆನ್ ಹೇಳಿದರು: “ಮಗಳೇ, ಅಜ್ಜಿ ಫೋಟೋ ತೆಗೆದು ತೋರಿಸು. ಒಂದು ಬಹಳ ಚೆನ್ನಾಗಿ ಬಂದಿರಬೇಕು, ನಗ್ತಾ ಇರೋದು.”

“ಅತಾ, ಇನ್ನೂ ತಿದ್ದಬೇಕು.”

“ಅಜ್ಜಿ ಮುಖಕ್ಕೆ ಏನೇ ತಿದ್ದೋದು? ಸುಕ್ಕು ಅಳಿಸ್ತೀಯಾ? ಹಾಕು.”

ಅವಳು ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೇರೆ ದಾರಿ ಇರಲಿಲ್ಲ, ಹಾಕಿದಳು.

ಅತ್ತೆಯ ಹಿಂದಿನ ಕಂಬಳಿಯ ಒಂದೊಂದು ಹೊಲಿಗೆಯನ್ನೂ ಎಣಿಸಬಹುದಿತ್ತು. ಅವರು ಹುಡುಗಿಯಾಗಿದ್ದಾಗ ಹಾಕಿದ ಹೊಲಿಗೆ. ಅವರ ಮುಖವಿರಬೇಕಾದಲ್ಲಿ ಚಹಾಕ್ಕೆ ಹಾಲು ಬೆರೆಸಿದಂತೆ ಏನೋ ಕಲಸಿಹೋಗಿತ್ತು. ಮುಂದಿನದನ್ನು ಹಾಕಿದಳು. ಅದೂ ಹಾಗೆಯೇ. ನನಗೆ ಅತ್ತೆಯನ್ನು ಎರಡನೇ ಸಲ ಮಣ್ಣಿಗೆ ಕೊಟ್ಟಂತಾಯಿತು.

ಕೆನೆನ್ ಪರದೆಗೆ ಹತ್ತಿರ ಬಾಗಿ ನೋಡಿದರು. “ಹಾಂ, ಇದೇ. ಉಸಿರು ಬಿಟ್ಟ ಗಳಿಗೆಗೇ ಸಿಕ್ಕಿದೆ. ಚೆನ್ನಾಗಿದ್ಯಲ್ಲ ಇಸಾಕ್?”

ಇಸಾಕ್ ನನ್ನ ಕಡೆ ನೋಡಿದ.

“ಯಾಕೆ ಎಲ್ಲ ಸುಮ್ಮನಾದ್ರಿ?”

“ಅಣ್ಣಾ” ಎಂದ ಇಸಾಕ್. “ಕಂಬಳಿ ಚೆನ್ನಾಗಿದೆ.”

ಕೆನೆನ್ ಬಾಗಿದವರು ಹಾಗೇ ಇದ್ದರು. ಉಲ್ಕಾನ್ ಎದ್ದು ಬಂದು ಪರದೆ ನೋಡಿದರು, ನೋಡಿದವರೇ ಸೊಸೆಯ ಮೇಲೆ ತಿರುಗಿದರು.

“ಎಲ್ಲ ಇವಳ ಕೈವಾಡ! ಕಂಪ್ಯೂಟರಲ್ಲಿ ಏನೇ ಮಾಡಿಟ್ಟೆ? ನಿನ್ನನ್ನ ಕರ್ಕೊಂಡು ಹೋಗ್ಲಿಲ್ಲ ಅಂತ ಹೀಗೆ ಮಾಡಿದ್ಯಾ? ಈ ಕ್ಯಾಮೆರಾ ಆರಿಸಿದ್ದೂ ನೀನೇ! ಕುದುರೆ ಹೋಯ್ತು, ಮಾನಾನೂ ಹೋಯ್ತು!”

ನನಗೆ ಅತ್ತೆಯ ಮುಖ ಹೋದ ಸಂಕಟ ಒಂದು ಕಡೆ, ಆ ಹುಡುಗಿ ಬೈಸಿಕೊಂಡು ನಿಂತದ್ದು ಇನ್ನೊಂದು ಕಡೆ. ತಡೆಯಲಾಗಲಿಲ್ಲ.

“ಅವಳು ಆರಿಸಿದ್ದು ಇದನ್ನಲ್ಲ” ಎಂದೆ. “ಅತಾನದ್ದು ಅಂದಿದ್ದು ಅತಾನ ಹೆಸರಿಂದು ಅಂತ. ನೀವೆಲ್ಲ ಅತಾ ಕೇಳಿದ್ದು ಅಂದ್ಕೊಂಡ್ರಿ.”

ಎರ್ಮೆಕ್ ಹಣೆ ಹಿಡಿದುಕೊಂಡ. “ಅಯ್ಯೋ ಬೆಗಾಯಿಮ್! ಒಂದು ಮಾತು ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?”

“ಹೇಗೆ ಹೇಳ್ಲಿ? ಎದುರಿಗೇ ಕೂತಿದ್ರು.”

ಕೆನೆನ್ ಮೆಲ್ಲಗೆ ನೆಟ್ಟಗಾದರು. “ಅವತ್ತು ನಾನು ಕೈ ಎತ್ತಿ ಹರಸಿದೆನಲ್ಲ ಮಗಳೇ. ಆಗಲೂ ಹೇಳ್ಲಿಲ್ಲ ನೀನು.”

ಅವಳು ಕಣ್ಣೊರೆಸಿಕೊಂಡಳು.

“ಅಳೋದೇನಿದೆ ಅದಕ್ಕೆ?” ಎಂದ ಎರ್ಮೆಕ್. “ಅಂಗಡಿಯವನು ನನ್ನ ಪರಿಚಯದವನು. ನಾಳೆ ಹೋಗ್ತಾ ಇದೀನಿ, ಇದನ್ನ ಕೊಟ್ಟು ಅದನ್ನ ತರ್ತೀನಿ. ಇನ್ಮೇಲೆ ಎಲ್ಲ ಸರಿಹೋಗ್ತದೆ.”

“ಬೇಡ” ಎಂದಳು ಬೆಗಾಯಿಮ್.

“ಯಾಕೆ ಬೇಡ? ನಿನಗೆ ಅದು ತಾನೇ ಬೇಕಾಗಿತ್ತು?”

“ಅದನ್ನ ಅತಾಗೆ ಅಂತ ಕೇಳಿದ್ದು. ನನಗೆ ಇದೇ ಸಾಕು.”

ಮಾತು ಬಾಯಿ ದಾಟಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ತಿಳಿಯಿತು. ಕೈ ಬಾಯಿಗೆ ಹೋಯಿತು. ಇನ್ನು ಮುಂದೆ ಮಾವ ಫೋಟೋ ತೆಗೆಯುವುದಿಲ್ಲ ಎಂಬ ಮಾತು ಅದು. ಅದನ್ನು ಯಾರೂ ಅಲ್ಲಿಯವರೆಗೆ ಯೋಚಿಸಿಯೂ ಇರಲಿಲ್ಲ. ಉಲ್ಕಾನ್ ಸೊಸೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಬೈಯಲು ತೆರೆದ ಬಾಯಿ ತೆರೆದೇ ಇತ್ತು.

ಕೆನೆನ್ ನೆಲಕ್ಕೆ ಹಾಸಿದ ಕಂಬಳಿಯ ಮೇಲೆ ಕೂತರು. “ಎಷ್ಟು ದಿನದಿಂದ ಗೊತ್ತು ನಿನಗೆ?”

“ಎರಡು ವರ್ಷ ಆಯ್ತು ಅತಾ, ಆ ಕಲಿನೂರ್ ಮದುವೆ ಫೋಟೋಗಳಿಂದ.”

“ಅಂದ್ರೆ ನನಗಿಂತ ಮುಂಚೆ.” ಅವರು ತಲೆ ಆಡಿಸಿದರು. “ವಸಂತದಲ್ಲಿ ಹಲ್ಲು ತೋರಿಸ್ಬೇಕು ಅಂತ ಬಿಷ್ಕೆಕ್‌ಗೆ ಹೋಗಿದ್ದೆನಲ್ಲ, ಅದು ಹಲ್ಲಿಗಲ್ಲ. ಕಣ್ಣಿನ ನಟ್ಟನಡುವೆ ಹೋಗಿದೆಯಂತೆ. ಅಂಚು ಉಳಿದಿದೆ. ಎಲ್ಲಿ ನೋಡ್ತೀನೋ ಅಲ್ಲೇ ಇಲ್ಲ. ಔಷಧಿ ಇಲ್ಲ ಅಂದ್ರು.”

“ನನಗೂ ಹೇಳ್ಲಿಲ್ವಲ್ಲೋ ಮುದುಕಾ” ಎಂದರು ಉಲ್ಕಾನ್.

“ಹೇಳಿದ್ರೆ ನೀನು ಕುದುರೆ ಮಾರೋಕೆ ಬಿಡ್ತಿದ್ಯಾ?”

ಯಾರಿಗೂ ನಗು ಬರಲಿಲ್ಲ. ಅವರು ನನ್ನ ಗಂಡನತ್ತ ತಿರುಗಿದರು. “ಇಸಾಕ್, ನಿಮ್ಮಮ್ಮನ ಮುಖ ನಾನು ಕಳೆದೆ ಕಣಪ್ಪಾ.”

“ಅಮ್ಮ ನಿಮಗೇ ಅಂತ ಮುಖ ಕೊಟ್ಟಿದ್ದು ಅಣ್ಣಾ. ನೀವಾದ್ರೂ ನೋಡಿದ್ರಲ್ಲ.”

“ನೋಡ್ಲಿಲ್ಲ. ಅದನ್ನೇ ಹೇಳ್ತಾ ಇರೋದು. ನಗು ಕೇಳಿಸ್ತು, ಒತ್ತಿದೆ.”

ಇಸಾಕ್ ತಲೆ ತಗ್ಗಿಸಿದ. ನನಗೆ ಕೋಪ ಮಾಡಿಕೊಳ್ಳಬೇಕೆಂದು ಬಹಳ ಅನ್ನಿಸಿತು, ಆಗಲಿಲ್ಲ. ನನ್ನ ಮದುವೆಯ ಫೋಟೋದಲ್ಲಿ ನಾನು ನಗುತ್ತಿರುವುದು ಈ ಮನುಷ್ಯನಿಂದಲೇ.

ಕೆನೆನ್ ಕೈ ಚಾಚಿ ಮೊಳೆಗೆ ತೂಗುಹಾಕಿದ್ದ ಕ್ಯಾಮೆರಾ ತೆಗೆದುಕೊಂಡರು. ಹಳೇ ಲೆನ್ಸನ್ನು ಒಮ್ಮೆ ಕೋಟಿನ ತೋಳಿನಿಂದ ಒರೆಸಿದರು. ಆಮೇಲೆ ಅದನ್ನು ಸೊಸೆಯ ಕಡೆಗೆ ನೀಡಿದರು. ಅವಳು ಎರಡೂ ಕೈಯಿಂದ ತೆಗೆದುಕೊಂಡಳು, ಹಿರಿಯರಿಂದ ಏನನ್ನೇ ತೆಗೆದುಕೊಳ್ಳುವಂತೆ.

“ಕಣ್ಣಿಡೋ ತೂತಿನ ಪಕ್ಕ ಒಂದು ಸಣ್ಣ ಚಕ್ರ ಇದೆ ನೋಡು. ಅದನ್ನ ನನ್ನ ಕಣ್ಣಿಗೆ ತಿರುಗಿಸಿಟ್ಟಿದ್ದೀನಿ. ಸ್ಪಷ್ಟ ಕಾಣೋವರೆಗೆ ನಿನ್ನ ಕಣ್ಣಿಗೆ ತಿರುಗಿಸ್ಕೋ.”

ಅವಳು ಕ್ಯಾಮೆರಾವನ್ನು ಒದ್ದೆ ಕಣ್ಣಿಗೆ ಹಿಡಿದು ಬೆರಳಿನಿಂದ ಚಕ್ರ ತಿರುಗಿಸಿದಳು. ಸಣ್ಣಗೆ ಕಿರಕ್ ಕಿರಕ್ ಎಂದಿತು. ಮುದುಕರು ಕಿವಿ ಕೊಟ್ಟು ಕೂತರು.

“ಆಯ್ತಾ?”

“ಇನ್ನೂ ಇಲ್ಲ, ಅತಾ.”

ಚಕ್ರ ತಿರುಗುತ್ತಲೇ ಇತ್ತು. ಅವರು ಮತ್ತೆ ಕೇಳಲಿಲ್ಲ.